ಶಕುಂತಲಾ ಡಾಕ್ಟ್ರು ಮತ್ತು ನನ್ನ ಕೆಂಪು ಹ್ಯಾಟೆ

ನಂಬಾಕೆ ಆಗ್ತಿಲ್ಲ...
ನಮ್ಮ ನ್ಯಾಮತಿ ದನದ ಡಾಕ್ಟ್ರು ಶಕುಂತಲಾ ಮೇಡಂ ಇಲ್ಲವಂತೆ.
ಬೆಳಗ್ಗೆ ಹಾರ್ಟ್ ಅಟ್ಯಾಕ್...
ಸುದ್ದಿ ಬಂದಾಗಿಂದ ಮೊಬೈಲ್ ಹಿಡ್ಕೊಂಡು ಕೂತೀನಿ.

ನಮ್ಮ ಕೋಳಿ ಸಾಕೋರ ವಾಟ್ಸಾಪ್ ಗುಂಪಿನ ಹೆಣ್ಮಕ್ಕಳೇ,
ಎಲ್ರೂ ಅವರನ್ನ ಹೊಗಳಿ ಬರೀತಿದ್ದೀರಿ.
ಹೋದ ವರ್ಷ ಇದೇ ಗುಂಪಿನಾಗೆ ಬೈದೋಳು ನಾನು. ಲೈಕ್ ಒತ್ತಿದೋರು ನೀವು.

ನನ್ನ ಕೆಂಪು ಹ್ಯಾಟೆ ಕೋಳಿಗೆ ಗೊರಗೊರ ಉಸಿರು, ಕೆಮ್ಮಿದ್ರೆ ರಕ್ತ.
ಹದಿನೈದು ದಿನಕ್ಕೆ ವಾಸಿ ಆತು.
ಮೇಡಂ ನೋಡಿ ಹೇಳಿದ್ರು...
"ಅಜ್ಜಿ, ವೈರಸ್ ಹೋಗಿಲ್ಲ. ನರದಾಗೆ ಅಡಗಿ ಮಲಗೈತೆ. ಮೈಯಾಗೆ ಕೆಲವು ಪ್ರೋಟೀನ್ ಅದಾವೆ, 'ಕಳ್ಳ ಒಳಗದಾನೆ, ಹುಷಾರು' ಅಂತ ಸುದ್ದಿ ಮುಟ್ಟಿಸ್ತಾವೆ. ಆ ಕಾವಲಿಗೆ ಅದು ಸುಮ್ನೈತೆ. ಬಿಸಿಲು, ಬಸ್ಸು, ಹೊಸ ಗೂಡು ಅಂತ ಕೋಳಿ ಕಂಗೆಟ್ರೆ ಕಾವಲು ಸಡಿಲ ಆಗ್ತೈತೆ, ವೈರಸ್ ಏಳ್ತೈತೆ. ಇದಕ್ಕೇನೂ ಆಗದೇ ಇರಬಹುದು, ಜೊತೆಗಿರೋವು ಸಾಯ್ತಾವೆ. ಯಾರಿಗೂ ಕೊಡಬ್ಯಾಡ್ರಿ."

ನಾನೇನಂದೆ?
"ಮಲಗಿರೋ ರೋಗ ನಿಮಗೊಬ್ರಿಗೇ ಕಾಣ್ತೈತಾ ಮೇಡಂ? ನಮ್ಮೆಜಮಾನ್ರೂ ನಲವತ್ತು ವರ್ಷ ಮಲಗೇ ಇದ್ರು, ಯಾರಿಗೂ ಅಂಟಲಿಲ್ಲ!"
ಅವರು ನಕ್ರು...

ಮುಂದಿನ ತಿಂಗಳೇ ಹೊನ್ನಾಳಿಯ ನನ್ನ ತಂಗಿ ಮಗಳು ಗೌರಿಗೆ ಆ ಹ್ಯಾಟೆಯನ್ನ ಪಾಲಿಗೆ ಕೊಟ್ಟೆ. ಸಾಕೋದು ಅವಳು, ಮರಿಯಾಗೆ ಅರ್ಧ ನಂದು.
ಬುಟ್ಟಿಯಾಗೆ ಮುಚ್ಚಿ, ರಶ್ ಬಸ್ಸಿನಾಗೆ, ಸುಡೋ ಬಿಸಿಲಾಗೆ ನಾನೇ ಒಯ್ದೆ.
ಎರಡು ವಾರದಾಗೆ ಅವಳ ಕೋಳಿ ಎಲ್ಲಾ ಸತ್ತು ಗೂಡು ಖಾಲಿ.
ನನ್ನ ಹ್ಯಾಟೆ ಮಾತ್ರ ಗುಂಡುಕಲ್ಲಿನಂಗೆ ನಿಂತಿತ್ತು.

ಆ ದಿನಗಳಾಗೇ ಮೇಡಂ ಅಲ್ಲಿ ಲಸಿಕೆ ಕ್ಯಾಂಪ್ ಮಾಡಿದ್ರು. ನನಗೆ ಅಷ್ಟೇ ಸಾಕಾತು.
"ಲಸಿಕೆ ಹಾಕಿ ಕೊಂದ್ರು" ಅಂತ ಗುಂಪಿನಾಗೆ ಬರೆದೆ.
ಆಮೇಲೆ ಅವರ ಕ್ಯಾಂಪಿಗೆ ಒಬ್ಬರೂ ಕೋಳಿ ತರಲಿಲ್ಲ...

ಮೇಡಂ...
ನಿಮಗೆ ಗೊತ್ತಿತ್ತು.
ಮನೆಗೆ ಬಂದ್ರಿ, ಚಾ ಕುಡಿದ್ರಿ, "ಹ್ಯಾಟೆ ಎಲ್ಲಿ ಅಜ್ಜಿ?" ಅಂದ್ರಿ.
ನಾನು ಇನ್ನೊಂದು ಲೋಟ ಚಾ ಬಗ್ಗಿಸಿದೆ.
"ನಿಜ ಏನು ಅಂತ ನಾನು ಹೇಳಾಕೆ ಹೋಗಲ್ಲ. ನೀವೇ ಹೇಳ್ರಿ" ಅಂದು ಎದ್ದು ಹೋದ್ರಿ.
ಇವತ್ತು ಹೇಳಾನ, ನಾಳೆ ಹೇಳಾನ ಅಂತ ವರ್ಷ ಕಳೆದೆ. ಊರಿಗೆಲ್ಲ ಬುದ್ಧಿ ಹೇಳೋ ಈ ನಾಲಿಗೆ ಅದೊಂದಕ್ಕೆ ಹೊರಳಲಿಲ್ಲ.
ನೀವು ಇದ್ದಾಗ ಹೇಳಲಿಲ್ಲ... ನಾಚಿಕೆಗೆಟ್ಟೋಳು, ಈಗ ಬರೀತಿದೀನಿ.

ಗೌರೀ, ನಿನ್ನ ಕೋಳಿ ಸತ್ತಿದ್ದು ಲಸಿಕೆಯಿಂದಲ್ಲ. ನಾನು ಕೊಟ್ಟ ಹ್ಯಾಟೆಯಿಂದ. ಡಾಕ್ಟ್ರು ಬ್ಯಾಡ ಅಂದಿದ್ರು. ಆದ್ರೂ ಕೊಟ್ಟೆ.

ಇದರ ಕೆಳಗೆ ಕೈ ಮುಗಿಯೋ ಚಿತ್ರ ಹಾಕಬ್ಯಾಡ್ರಿ. ನನ್ನ ಬೈರಿ.
ಮುಂದಿನ ಕ್ಯಾಂಪಿಗೆ ಕೋಳಿ ತಗೊಂಡು ಹೋಗ್ರಿ.

ಹೋಗಿ ಬರ್ರಿ ಮೇಡಂ...
ನಿಮ್ಮ ಜೀವ ತಣ್ಣಗಿರಲಿ.
ನನ್ನದು ಇರಲ್ಲ.