ಮಸಿ ಬಳಿಯದ ಗರಿ

ಹಳೆಗನ್ನಡ ಕಾವ್ಯವೊಂದರ ಓಲೆಗರಿಗಳನ್ನು ಕಂಪ್ಯೂಟರಿಗೆ ಏರಿಸಲು, ಹೊರಲಾರದ ಸ್ಕ್ಯಾನರ್ ಹೊತ್ತುಕೊಂಡು ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಮುನಿಯಮ್ಮಜ್ಜಿಯ ಮನೆಗೆ ಹೋಗಿದ್ದೆ. ಕಟ್ಟಿನ ಕೊನೆಯ ಗರಿ ಮಾತ್ರ ಬೋಳಾಗಿ ಕಂಡಿತು.

"ಅದು ನಮ್ಮನೆಯೋರು ಕೊನೇ ಸಲ ಗಣಿಗಿಳಿಯೋ ದಿನ ಕೊರೆದಿದ್ದು ಸಾಮಿ. ಕೊರೆದೋರೇ ಮಸಿ ಬಳಿದು ಅಕ್ಸರ ಎಬ್ಬಿಸ್ಬೇಕು, ನಮ್ಮನೆ ಪದ್ಧತಿ. ಅವ್ರಿನ್ನೂ ಮೇಲಕ್ಕೆ ಬಂದಿಲ್ಲ," ಎಂದಳು ಅಜ್ಜಿ.

ಆ ಗಣಿ ಕುಸಿದು ಎಷ್ಟೋ ವರ್ಷವಾಗಿತ್ತು.

ಮಸಿ ಮುಟ್ಟಿಸುವುದಿಲ್ಲವೆಂದು ಮಾತು ಕೊಟ್ಟು ಗರಿಯನ್ನು ಸ್ಕ್ಯಾನರ್ ಮೇಲಿಟ್ಟೆ. ಬೆಳಕು ಕೊರೆದ ಗೀರುಗಳ ಮೇಲೆ ಓರೆಯಾಗಿ ಹರಿಯಿತು. ಪರದೆಯ ಮೇಲೆ ಅಕ್ಷರಗಳು ಮೆಲ್ಲಗೆ ಎದ್ದವು: 'ಮುನೀ, ಇದಕ್ಕೆ ಮಸಿ ಬಳಿಯೋಕೆ ನಾನು ಬರಲ್ಲ.'

ಓದು ಬಾರದ ಅಜ್ಜಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. "ಏನಾರ ಕಾಣ್ತದಾ?"

"ಏನೂ ಇಲ್ಲಮ್ಮ."

"ಅಂಗಾರೆ ಬತ್ತಾರೆ ಬುಡಿ."

ಓದಲಾಗದ ಅಕ್ಷರಕ್ಕೆ ನಮ್ಮ ಗ್ರಂಥ ಸಂಪಾದನೆಯಲ್ಲಿ ಒಂದು ಗುರುತಿದೆ. ಓದಬಾರದಿದ್ದ ಅಕ್ಷರಕ್ಕೆ ಇನ್ನೂ ಯಾರೂ ಗುರುತು ಮಾಡಿಲ್ಲ.