ಖಾಲಿ ಬಿಟ್ಟ ಮೊದಲ ಮನೆ

ತರಗತಿಯಲ್ಲಿ ಎಲ್ಲರೂ ಅವಳನ್ನು ಟೈಲರಕ್ಕ ಎನ್ನುತ್ತಿದ್ದರು. ವಯಸ್ಸು ನಲವತ್ತಮೂರು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಕತ್ತರಿಸುವ ಕೆಲಸ. ಈಗ ಬೆಳಿಗ್ಗೆ ಏಳಕ್ಕೆ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಪಾಠ, ಹತ್ತಕ್ಕೆ ಕಾರ್ಖಾನೆಯ ಗೇಟು. ನಡುವೆ ಉಸಿರಾಡಲಿಕ್ಕೂ ಪುರುಸೊತ್ತಿಲ್ಲ.

ಈ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂರುವ ಹುಚ್ಚು ಅವಳಿಗೇನೂ ಇರಲಿಲ್ಲ. ಕಂಪ್ಯೂಟರ್ ಹೇಳಿದಂತೆ ಬಟ್ಟೆ ಕತ್ತರಿಸುವ ಮಷಿನ್ ಕಾರ್ಖಾನೆಗೆ ಬಂದಿತ್ತು. "ಕಾಲೇಜಲ್ಲಿ ಈ ಕೋರ್ಸು ಪಾಸಾದವರು ಮಷಿನ್ ಮುಂದೆ, ಮಿಕ್ಕೋರು ಪ್ಯಾಕಿಂಗಿಗೆ" ಎಂದು ಸೂಪರ್‌ವೈಸರ್ ಕಡ್ಡಿ ಮುರಿದಂತೆ ಹೇಳಿದ್ದ. ನಲವತ್ತು ಪದರ ಬಟ್ಟೆಯನ್ನು ಒಂದು ಎಳೆ ಆಚೀಚೆಯಾಗದಂತೆ ಕತ್ತರಿಸಿದ ಕೈ ರಟ್ಟಿನ ಪೆಟ್ಟಿಗೆಗೆ ಅಂಟು ಹಚ್ಚುತ್ತಾ ಕೂರುವುದೇ? ಆ ಉರಿಗೇ ಅವಳು ಸೇರಿಕೊಂಡಿದ್ದಳು.

ಸೋಮವಾರ ಸರ್ ಎರಡು ಹಾಳೆ ಹಿಡಿದುಕೊಂಡು ಒಳಗೆ ಬಂದರು. ಹಿಂದಿನ ವಾರ ಕೊಟ್ಟಿದ್ದ ಲೆಕ್ಕದ ಹಾಳೆಗಳು. ಹತ್ತು ಮಕ್ಕಳ ಅಂಕಗಳನ್ನು ಕಂಪ್ಯೂಟರಿನ ನೆನಪಿನಲ್ಲಿ ಸಾಲಾಗಿ ಕಟ್ಟಿದ ಹತ್ತು ಮನೆಗಳಲ್ಲಿ ಇಟ್ಟು, ಅದರಲ್ಲಿ ದೊಡ್ಡದು ಯಾವುದೆಂದು ಕಂಪ್ಯೂಟರಿನಿಂದ ಹೇಳಿಸಬೇಕಿತ್ತು.

"ಒಂದು ಟೈಲರಮ್ಮಂದು, ಇನ್ನೊಂದು ಮುಂದಿನ ಬೆಂಚಿನ ಈ ಹುಡುಗೀದು. ಸಾಲಿಗೆ ಸಾಲು ಒಂದೇ. ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತೆ ಅಂತ ಬಾಯಿ ನೋಯೋವಷ್ಟು ಹೇಳಿದೀನಿ. ಇಬ್ಬರೂ ಹನ್ನೊಂದು ಮನೆ ಕಟ್ಟಿ, ಸೊನ್ನೆ ನಂಬರಿನ ಮೊದಲನೇದನ್ನ ಖಾಲಿ ಬಿಟ್ಟಿದೀರ. ಯಾರದ್ದನ್ನ ಯಾರು ನೋಡಿ ಬರೆದ್ರು ಅಂತ ನಾನು ಬಿಡಿಸಿ ಹೇಳಬೇಕಾ?"

ತರಗತಿ ಗೊಳ್ಳೆಂದಿತು. ಸರ್ ಟೈಲರಕ್ಕನ ಕಡೆ ತಿರುಗಿದರು. "ಗೊತ್ತಾಗದಿದ್ರೆ ಕೇಳಬೇಕಮ್ಮ. ಕದಿಯೋ ವಯಸ್ಸಾ ಇದು?"

ಅವಳ ಹಾಳೆಗೆ ಸೊನ್ನೆ ಬಿತ್ತು. ಹುಡುಗಿಗೆ ಬರೀ ಎಚ್ಚರಿಕೆ. ಲ್ಯಾಬಿನ ಅಂಕ ಹೋದರೆ ಪಾಸೂ ಇಲ್ಲ, ಮಷಿನ್ನೂ ಇಲ್ಲ. ಟೈಲರಕ್ಕ ಹುಡುಗಿಯನ್ನೇ ದಿಟ್ಟಿಸಿದಳು. ಮುಂದಿನ ಬೆಂಚಿನ ಹುಡುಗಿ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿದ್ದಳೇ ಹೊರತು ತಲೆ ಎತ್ತಲಿಲ್ಲ. ಲ್ಯಾಬಿನಲ್ಲಿ ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್. ಆ ಲೆಕ್ಕ ಬರೆದ ದಿನ ಟೈಲರಕ್ಕ ತನ್ನ ಕೆಲಸ ಮುಗಿಸಿ, ಪರದೆಯ ಮೇಲೆ ಹಾಗೇ ತೆರೆದು ಬಿಟ್ಟು, ಬಸ್ಸಿಗೆ ಓಡಿದ್ದಳು. ಆಮೇಲೆ ಅದೇ ಕುರ್ಚಿಯಲ್ಲಿ ಕೂತವಳು ಈ ಹುಡುಗಿ.

ಮನೆಯಲ್ಲಿ ಅವಳು ಪಾತ್ರೆ ಕುಕ್ಕುವ ಸದ್ದಿಗೆ ಗಂಡ ಎದ್ದು ಬಂದ. ಎಲ್ಲ ಕೇಳಿ, "ಹೋಗ್ಲಿ ಬಿಡೇ. ಮೇಷ್ಟ್ರನ್ನ ಎದುರು ಹಾಕ್ಕೊಂಡು ಏನು ಮಾಡ್ತೀಯ?" ಎಂದ.

"ನಿಮ್ಮನ್ನ ಗ್ಯಾರೇಜಲ್ಲಿ ನಾಲ್ಕು ಜನರ ಮುಂದೆ ಕಳ್ಳ ಅಂದಿದ್ರೆ ಹೋಗ್ಲಿ ಬಿಡು ಅಂತಿದ್ರಾ?"

"ಸ್ಪ್ಯಾನರ್ ತಗೊಂಡು ಹೋಗ್ತಿದ್ದೆ."

"ಮತ್ತೆ ನಂಗ್ಯಾಕೆ ಈ ಉಪದೇಶ?"

ಮಂಗಳವಾರ ಅವಳು ಲ್ಯಾಬಿನ ರೆಕಾರ್ಡ್ ಪುಸ್ತಕ ಹಿಡಿದು ಸರ್ ಕೋಣೆಗೆ ಹೋದಳು. ಸರ್ ಟೀ ಕುಡಿಯುತ್ತಿದ್ದರು, ಕೂರಲು ಹೇಳಲಿಲ್ಲ.

"ಸರ್, ಮೊದಲನೇ ಮನೆ ಯಾಕೆ ಖಾಲಿ ಅಂತ ನೀವು ಕೇಳಲೇ ಇಲ್ಲ."

"ಅದರಲ್ಲಿ ಕೇಳೋದೇನಿದೆ? ತಪ್ಪು ಅದು."

ಅವಳು ಚೀಲದಿಂದ ಅಳತೆ ಟೇಪು ತೆಗೆದು ಮೇಜಿನ ಮೇಲೆ ಬಿಚ್ಚಿದಳು. ತುದಿಯ ತಗಡು ಎಂದೋ ಬಿದ್ದುಹೋಗಿ ದಾರ ಬಿಟ್ಟುಕೊಂಡಿತ್ತು. "ದಿನಾ ಎಳೆದೂ ಎಳೆದೂ ತುದಿ ಸವೆದು ಹೋಗುತ್ತೆ ಸರ್. ಅಲ್ಲಿಂದ ಅಳೆದ್ರೆ ತೋಳು ಗಿಡ್ಡ ಆಗುತ್ತೆ. ಅದಕ್ಕೇ ನಾವು ಒಂದಿಂಚು ಬಿಟ್ಟು, ಒಂದರಿಂದ ಅಳೀತೀವಿ. ಇಪ್ಪತ್ತು ವರ್ಷ ಹಾಗೇ ಅಳೆದ ಕೈ ಇದು. ಕಂಪ್ಯೂಟರಿಗೆ ತುದಿ ಸವೆಯಲ್ಲ ಅಂತ ನನ್ನ ತಲೆಗೆ ಗೊತ್ತು. ಕೈ ಕೇಳಬೇಕಲ್ಲ? ಈ ಪುಸ್ತಕದಲ್ಲಿ ಇಂಥ ಲೆಕ್ಕ ಆರಿವೆ. ಆರರಲ್ಲೂ ಮೊದಲನೇ ಮನೆ ಖಾಲಿ. ಆ ಹುಡುಗಿ ಪುಸ್ತಕಾನೂ ತರಿಸಿ ನೋಡಿ."

ಸರ್ ಪುಟ ತಿರುವಿದರು. ಬೀರುವಿನಿಂದ ಹುಡುಗಿಯ ಪುಸ್ತಕ ತೆಗೆದರು. ಅದರಲ್ಲಿ ಮೊದಲ ಐದು ಲೆಕ್ಕವೂ ಸೊನ್ನೆಯಿಂದ ಶುರು. ಆರನೆಯದೊಂದೇ ಒಂದರಿಂದ. ಟೀ ಆರಿ ತಣ್ಣಗಾಯಿತು.

"ಹೂಂ. ನಿಮ್ಮ ಅಂಕ ಹಾಕ್ತೀನಿ. ಅವಳು ಬೇರೆ ಬರೆದು ಕೊಡಲಿ. ಇಲ್ಲಿಗೆ ಮುಗೀತು."

"ಕ್ಲಾಸಲ್ಲಿ ಅಂದ ಮಾತು ಈ ಕೋಣೇಲಿ ಹೇಗೆ ಮುಗಿಯುತ್ತೆ ಸರ್?"

"ಏನಮ್ಮ, ಎಲ್ಲರ ಮುಂದೆ ನಿಮ್ಮ ಕಾಲು ಹಿಡೀಬೇಕಾ? ನನಗೂ ಒಂದು ಮರ್ಯಾದೆ ಅಂತ ಇದೆ."

"ನಂಗೆ ಇಲ್ವಾ?"

ಸರ್ ಎರಡೂ ಪುಸ್ತಕ ಮುಚ್ಚಿದರು. ಅವಳು ಟೇಪು ಸುತ್ತಿಕೊಂಡು ಹೊರಗೆ ಬಂದಳು. ಎರಡೆರಡು ಮೆಟ್ಟಿಲು ಧಡಧಡ ಇಳಿದಳು. ಹೆದರಿ ಅಲ್ಲ.

ಬುಧವಾರ ಅವಳು ತರಗತಿಯ ಬಾಗಿಲಲ್ಲೇ ನಿಂತಳು. ಸರ್ ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಿದ್ದರು.

"ಒಳಗೆ ಬನ್ನಿ."

"ನೀವು ಹೇಳಿ ಸರ್, ಬರ್ತೀನಿ."

ಎಲ್ಲರ ಕಣ್ಣೂ ಬಾಗಿಲಿಗೆ ಅಂಟಿಕೊಂಡಿತು. ಸರ್ ಸೀಮೆಸುಣ್ಣ ಉಜ್ಜುತ್ತಲೇ, "ಮೊನ್ನೆ ಆ ಹಾಳೆ ವಿಷಯ… ಸ್ವಲ್ಪ ತಪ್ಪು ತಿಳುವಳಿಕೆ ಆಗಿತ್ತು" ಎಂದು ಗೊಣಗಿದರು.

"ಕೇಳಿಸಲಿಲ್ಲ ಸರ್. ಸೋಮವಾರ ನೀವು ಹೇಳಿದ್ದು ಕೊನೇ ಬೆಂಚಿನವರೆಗೂ ಕೇಳಿಸಿತ್ತು."

ಯಾರೂ ನಗಲಿಲ್ಲ. ಸರ್ ತಿರುಗಿದರು. ಕಿವಿ ಕೆಂಪಾಗಿತ್ತು. "ಪ್ರೋಗ್ರಾಮ್ ಬರೆದದ್ದು ಇವರೇ. ಕದ್ದಿದ್ದು ಇವರಲ್ಲ. ನಾನು ಹಾಗಂದದ್ದು ತಪ್ಪು."

ಆಗ ಅವಳು ಒಳಗೆ ಬಂದು ಕೂತಳು.

ಪಾಠ ಮುಗಿದ ಮೇಲೆ ಹುಡುಗಿ ಪಕ್ಕಕ್ಕೆ ಬಂದು, "ಸಾರಿ ಅಕ್ಕ, ಟೈಮ್ ಇರಲಿಲ್ಲ" ಎಂದಳು.

"ಟೈಮ್ ನಂಗಿತ್ತಾ? ಕೇಳಿದ್ರೆ ಕೂರಿಸ್ಕೊಂಡು ಹೇಳಿಕೊಡ್ತಿದ್ದೆ ಕಣೇ. ಅದು ಬಿಡು, ನನ್ನನ್ನ ಕಳ್ಳಿ ಅಂದಾಗ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ಯಲ್ಲ, ಅದನ್ನ ನಾನು ಮರೆಯಲ್ಲ."

ಹುಡುಗಿಯ ಕಣ್ಣು ತುಂಬಿತು. ಟೈಲರಕ್ಕನ ಮನಸ್ಸು ಕರಗಲಿಲ್ಲ. ಕರಗಿಸಿಕೊಂಡು ಕೂರಲು ವೇಳೆಯೂ ಇರಲಿಲ್ಲ, ಒಂಬತ್ತೂವರೆ ಆಗಿತ್ತು. ಲ್ಯಾಬಿಗೆ ಹೋಗಿ, ಕಂಪ್ಯೂಟರಿನಲ್ಲಿದ್ದ ತನ್ನ ಕೆಲಸವನ್ನೆಲ್ಲ ಉಳಿಸಿ, ಮುಚ್ಚಿ, ಯಾರೂ ತೆರೆಯದಂತೆ ಪಾಸ್‌ವರ್ಡಿನ ಬೀಗ ಹಾಕಿದಳು. ಅದು ಸರಿಯಾಗಿ ಬಿತ್ತೇ ಎಂದು ಎರಡು ಸಲ ನೋಡಿ, ಬಸ್ಸಿಗೆ ಓಡಿದಳು.