ನಾನು ತಿರುಗಿಸಿ ಕಳಿಸಿದ ಟ್ಯಾಂಕರ್

ಆ ಬೇಸಿಗೆಯಲ್ಲಿ ನಮ್ಮ ಬ್ಯಾಡಗಿಯಲ್ಲಿ ಒಂದೇ ಪಕ್ಷದ ಇಬ್ಬರು ಟಿಕೆಟ್‌ಗಾಗಿ ಓಡಾಡುತ್ತಿದ್ದರು. ತುಂಗಭದ್ರೆಯ ನೀರು ನಳಕ್ಕೇ ಬರಬೇಕು, ಟ್ಯಾಂಕರ್ ಎಂದರೆ ಜನರ ಬಾಯಿ ಮುಚ್ಚಿಸುವ ಉಪಾಯ ಎನ್ನುತ್ತಿದ್ದವರ ಹಿಂದೆ ನಾನಿದ್ದೆ. ಇನ್ನೊಬ್ಬರು ಓಣಿ ಓಣಿಗೂ ಟ್ಯಾಂಕರ್ ಕಳಿಸುತ್ತಿದ್ದರು. ಅಕ್ಕ ಅವರ ಕಡೆ. ಶಾಲೆ ಬೇಗ ಬಿಟ್ಟ ನನಗೆ ನಮ್ಮ ನಾಯಕರು ಹೇಳಿದ್ದೇ ವೇದವಾಕ್ಯ. ಒಂದು ಮಧ್ಯಾಹ್ನ ನಮ್ಮ ಓಣಿಗೆ ಬಂದ ಟ್ಯಾಂಕರನ್ನು, "ಇಲ್ಲಿ ಯಾರಿಗೂ ಬ್ಯಾಡ" ಎಂದು ತಿರುಗಿಸಿ ಕಳಿಸಿದೆ.

ಸಂಜೆ ಅಕ್ಕ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮುಗಿಸಿ ಬಂದಳು. ಕೈ ತೊಳೆಯಲು ಕೊಡದಲ್ಲಿ ನೀರಿರಲಿಲ್ಲ. ಉರಿಯುವ ಅಂಗೈಗೆ ಊದಿಕೊಳ್ಳುತ್ತ, "ಇವತ್ತ ಟ್ಯಾಂಕರ್ ಬರಲಿಲ್ಲೇನೋ?" ಎಂದಳು.

"ಇಲ್ಲಬೇ" ಎಂದುಬಿಟ್ಟೆ.

ರಾತ್ರಿ ರೊಟ್ಟಿ ಮುರಿಯುವಾಗಲೂ ಅವಳು ಅಂಗೈಗೆ ಊದಿಕೊಳ್ಳುತ್ತಿದ್ದಳು. ಮರುದಿನ ಬೆಳಿಗ್ಗೆ ಎಲ್ಲವನ್ನೂ ಹೇಳಿದೆ.

"ನಿಮ್ಮ ಸಾಹೇಬ್ರ ಭಾಷಣದಾಗ ಕೈ ತೊಳಕೋಬೇಕಿತ್ತೇನು?" ಎಂದವಳು ನಕ್ಕುಬಿಟ್ಟಳು. "ನಳ ನನಗೂ ಬೇಕೋ. ಅದು ಬರೂತನಕ ನೀನ ನೀರು ಹೊರು."

ಕೊಡ ಎತ್ತಿಕೊಂಡು ಪಕ್ಕದ ಓಣಿಯ ಟ್ಯಾಂಕರಿನ ಮುಂದೆ ನಿಂತೆ. ನಮ್ಮ ಗುಂಪಿನವನೊಬ್ಬ ನೋಡಿ, "ಆ ಕಡೆ ಹಾರಿದೇನಲೇ?" ಎಂದ.

"ಇಲ್ಲೋ, ನೀರು ತುಂಬಾಕತ್ತೇನಿ" ಎಂದೆ. ಹಾಗೆನ್ನಲು ನನಗೆ ನಾಚಿಕೆಯಾಗಲಿಲ್ಲ.